ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಅಂಗಾಲು ಉರಿಯುತ್ತದೆ. ಹಗಲು ಹೇಗೋ ತಳ್ಳಬಹುದು, ರಾತ್ರಿ ಮಲಗಿದ ಮೇಲೆ ಜಾಸ್ತಿ. ಹೊದಿಕೆಯ ಅಂಚು ಬೆರಳಿಗೆ ತಾಗಿದರೂ ತಡೆಯಲಾಗುವುದಿಲ್ಲ. ನರದ ಡಾಕ್ಟರ್ ಹತ್ತಿರ ಹೋದರೆ ಕಾಲಿಗೆ ಸಣ್ಣದಾಗಿ ಕರೆಂಟ್ ಕೊಟ್ಟು ನರದ ಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟ್ ಬರುತ್ತದೆ: ಎಲ್ಲ ನಾರ್ಮಲ್. ಮನೆಯವರಿಗೆ ಸಮಾಧಾನ. ನೋವು ತಿನ್ನುವವರಿಗೆ ಮಾತ್ರ ಒಳಗೊಳಗೇ ಅನುಮಾನ ಶುರುವಾಗುತ್ತದೆ. ಹಾಗಾದರೆ ಇದೆಲ್ಲ ನನ್ನ ಭ್ರಮೆಯಾ?

ಅಲ್ಲ. ಆ ಪರೀಕ್ಷೆ ನೋವಿನ ನರಗಳ ತಂಟೆಗೇ ಹೋಗಿಲ್ಲ.

ನಾವು ನರ ಎಂದು ಕರೆಯುವುದು ಒಂದು ತಂತಿಯಲ್ಲ. ಅದರೊಳಗೆ ಸಾವಿರಾರು ಎಳೆಗಳಿರುತ್ತವೆ. ದಪ್ಪ ಎಳೆಗಳು ಮುಟ್ಟಿದ್ದನ್ನು, ಅದುರಿದ್ದನ್ನು, ಕೈಕಾಲು ಎಲ್ಲಿದೆ ಎನ್ನುವುದನ್ನು ಮಿದುಳಿಗೆ ತಿಳಿಸುತ್ತವೆ. ಅವುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ದಪ್ಪಗೆ ಸುತ್ತಿಕೊಂಡಿರುತ್ತದೆ. ಹಾಗಾಗಿ ಸುದ್ದಿ ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ನೋವು, ಬಿಸಿ, ತಂಪು ಇವನ್ನು ಹೊರುವುದು ಸಣ್ಣ ಎಳೆಗಳು. ಅದರಲ್ಲೂ ಎರಡು ಜಾತಿ. ಎ-ಡೆಲ್ಟಾ ಎಳೆಗಳಿಗೆ ತೆಳ್ಳಗಿನ ಹೊದಿಕೆ ಇದೆ, ವೇಗ ಸೆಕೆಂಡಿಗೆ 5ರಿಂದ 30 ಮೀಟರ್. ಸಿ ಎಳೆಗಳಿಗೆ ಆ ಹೊದಿಕೆಯೇ ಇಲ್ಲ. ಅವು ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್ ಹೋದರೆ ಹೆಚ್ಚು.

ಲೆಕ್ಕ ಹಾಕಿ ನೋಡಿ. ಕಾಲ್ಬೆರಳಿನಿಂದ ಬೆನ್ನುಹುರಿಗೆ ಹೆಚ್ಚೂಕಡಿಮೆ ಒಂದು ಮೀಟರ್. ದಪ್ಪ ಎಳೆಯ ಸುದ್ದಿ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಮುಟ್ಟುತ್ತದೆ. ಸಿ ಎಳೆಯ ಸುದ್ದಿಗೆ ಪೂರ್ತಿ ಒಂದು ಸೆಕೆಂಡು ಬೇಕು. ಹೊಸ್ತಿಲು ಎಡವಿದಾಗ ಮೊದಲು ಚುರುಕ್ ಎಂದು ಒಂದು ನೋವು ಬಂದು, ಕ್ಷಣ ಬಿಟ್ಟು ಇನ್ನೊಂದು ಉರಿ ನಿಧಾನಕ್ಕೆ ಹಬ್ಬುತ್ತದಲ್ವಾ? ಮೊದಲನೆಯದು ಎ-ಡೆಲ್ಟಾ ತಂದದ್ದು, ಎರಡನೆಯದು ಸಿ.

ಈಗ ಆ ಕರೆಂಟ್ ಪರೀಕ್ಷೆಗೆ ಬರೋಣ. ನರಕ್ಕೆ ಒಂದು ಕಡೆ ಶಾಕ್ ಕೊಟ್ಟು ಇನ್ನೊಂದು ಕಡೆ ಚರ್ಮದ ಮೇಲಿಟ್ಟ ತಟ್ಟೆಯಿಂದ ಸಿಗ್ನಲ್ ಹಿಡಿಯುತ್ತಾರೆ. ದಪ್ಪ ಎಳೆಗಳ ಸಿಗ್ನಲ್ ದೊಡ್ಡದು, ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತವೆ. ಸಣ್ಣ ಎಳೆಗಳದ್ದು ತೀರಾ ಚಿಕ್ಕದು, ಬರುವುದೂ ಒಂದೊಂದಾಗಿ, ಹಿಂದೆ ಮುಂದೆ. ಡೊಳ್ಳಿನ ಸದ್ದಿನ ನಡುವೆ ಪಿಸುಮಾತು ಕೇಳಿಸಿಕೊಳ್ಳಲು ಹೋದ ಹಾಗೆ. ಆದ್ದರಿಂದ ಆ ರಿಪೋರ್ಟಿನ ನಿಜವಾದ ಅರ್ಥ ಇಷ್ಟೇ: ದಪ್ಪ ಎಳೆಗಳು ಚೆನ್ನಾಗಿವೆ. ಸಣ್ಣವುಗಳ ಬಗ್ಗೆ ಅದು ಏನೂ ಹೇಳಿಲ್ಲ. ಪರೀಕ್ಷೆಯದ್ದು ತಪ್ಪಲ್ಲ, ಅದನ್ನು ಕೇಳಿದ ಪ್ರಶ್ನೆಯೇ ಬೇರೆ. ನೋವನ್ನು ಅಳೆಯುವ ಎಲ್ಲ ಪ್ರಯತ್ನಗಳಲ್ಲೂ ಈ ಎಡವಟ್ಟು ಮತ್ತೆ ಮತ್ತೆ ಎದುರಾಗುತ್ತದೆ. ಯಂತ್ರ ಒಂದನ್ನು ಅಳೆಯುತ್ತದೆ, ನಾವು ಇನ್ನೊಂದನ್ನು ಅಳೆಯಿತು ಎಂದುಕೊಳ್ಳುತ್ತೇವೆ.

ಸುದ್ದಿ ತರುವವನೇ ಕೆಟ್ಟರೆ

ಕೈ ಸುಟ್ಟರೆ ನೋಯುತ್ತದೆ. ಅದು ನರ ತನ್ನ ಕೆಲಸ ಮಾಡಿದ್ದರ ಫಲ. ನರದ ನೋವು ಹಾಗಲ್ಲ. ಅಲ್ಲಿ ಪೆಟ್ಟು ಬಿದ್ದಿರುವುದು ಸುದ್ದಿ ತರುವ ನರಕ್ಕೇ, ಇಲ್ಲವೇ ಬೆನ್ನುಹುರಿ, ಮಿದುಳಿನಲ್ಲಿ ಅದರ ದಾರಿಗೆ. ಸಕ್ಕರೆ ಕಾಯಿಲೆ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಉರಿ, ಕ್ಯಾನ್ಸರಿನ ಕೆಲವು ಔಷಧಗಳು, ಬೆನ್ನಿನ ಡಿಸ್ಕ್ ಜಾರಿ ನರ ಒತ್ತುವುದು, ಪಾರ್ಶ್ವವಾಯು, ಕೈಕಾಲು ಕತ್ತರಿಸಿದ್ದು. ಕಾರಣಗಳು ಬೇಕಾದಷ್ಟಿವೆ. ಜನಸಂಖ್ಯೆಯ ನೂರಕ್ಕೆ 7ರಿಂದ 10 ಮಂದಿಗೆ ಈ ಬಗೆಯ ನೋವಿದೆ ಎನ್ನುವುದು ಸಮೀಕ್ಷೆಗಳ ಅಂದಾಜು.

ಈ ನೋವಿನ ವಿಚಿತ್ರ ಏನೆಂದರೆ, ಒಂದೇ ಜಾಗ ಮರಗಟ್ಟಿಯೂ ಇರುತ್ತದೆ, ನೋಯುತ್ತಲೂ ಇರುತ್ತದೆ. ಸೂಜಿ ಚುಚ್ಚಿದರೆ ಗೊತ್ತಾಗದ ಪಾದ ರಾತ್ರಿಯೆಲ್ಲ ಉರಿಯುತ್ತದೆ. ಎಳೆಗಳು ಸತ್ತ ಕಡೆ ಸ್ಪರ್ಶ ಹೋಯಿತು. ಉಳಿದ ಎಳೆಗಳು, ಮೇಲೆ ಬೆನ್ನುಹುರಿಯ ಕೋಶಗಳು, ಕಾರಣವಿಲ್ಲದೆ ಕೂಗಲು ಶುರು ಮಾಡಿದವು. ಹೊರಗಿನವರಿಗೆ ಇದು ನಂಬಲಾಗದ ಮಾತು. ಮರಗಟ್ಟಿದ್ದರೆ ನೋವು ಹೇಗೆ ಎಂದು ಕೇಳುತ್ತಾರೆ. ಗಾಯವಿಲ್ಲ, ಬಾವು ಇಲ್ಲ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಹಾಗಾಗಿ ನೋವಿಗೆ ಒಂದು ಮೀಟರ್ ಇದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ ಡಾಕ್ಟರಿಗಿಂತ ಪೇಷೆಂಟಿಗೇ ಜಾಸ್ತಿ.

ಒಮ್ಮೆ ಮೀಟರ್ ಮಾಡಿಯೂ ನೋಡಿದ್ದರು

1940ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್ ಮತ್ತು ಹೆಲೆನ್ ಗೂಡೆಲ್ ಒಂದು ಯಂತ್ರ ಮಾಡಿದರು. ಹಣೆಗೆ ಮಸಿ ಬಳಿದು, ಪ್ರಖರ ದೀಪದ ಬೆಳಕನ್ನು ಮಸೂರದಿಂದ ಅದರ ಮೇಲೆ ಮೂರು ಸೆಕೆಂಡು ಬಿಡುವುದು. ಎಷ್ಟು ಶಾಖಕ್ಕೆ ಚುರುಕ್ ಎನ್ನುತ್ತದೆ ಎಂದು ಗುರುತಿಸುವುದು. ಪ್ರಯೋಗಕ್ಕೆ ಒಡ್ಡಿಕೊಂಡವರೂ ಅವರೇ ಮೂವರು. ಮುಂದೆ ನೋವಿಗೆ ಡೋಲ್ ಎಂಬ ಮಾನವನ್ನೂ ಮಾಡಿಕೊಂಡರು. ಹೆರಿಗೆ ನೋವಿನಲ್ಲಿದ್ದ ಹೆಂಗಸರ ಕೈಗೆ ಶಾಖ ತಾಗಿಸಿ, ಆ ನೋವಿಗೂ ಈ ನೋವಿಗೂ ಹೋಲಿಸಿ ಎಂದು ಕೇಳುವವರೆಗೂ ಅದು ಹೋಯಿತು. ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ.

ಯಂತ್ರ ಬಾಳಲಿಲ್ಲ. ಬೇರೆಯವರು ಮಾಡಿ ನೋಡಿದಾಗ ಅದೇ ಅಂಕಿ ಬರಲಿಲ್ಲ. ಅಷ್ಟರಲ್ಲಿ ಹೆನ್ರಿ ಬೀಚರ್ ಎಂಬ ಅರಿವಳಿಕೆ ತಜ್ಞ ಎರಡನೇ ಮಹಾಯುದ್ಧದಿಂದ ಬೇರೆಯೇ ಸುದ್ದಿ ತಂದಿದ್ದರು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ನೋವಿನ ಔಷಧ ಬೇಡ ಎಂದಿದ್ದರು. ಗಾಯ ದೊಡ್ಡದು, ಆದರೆ ಜೀವ ಉಳಿಯಿತು, ರಣರಂಗ ಬಿಟ್ಟು ಮನೆಗೆ ಹೋಗುತ್ತೇವೆ ಎಂಬ ನೆಮ್ಮದಿ ಅದಕ್ಕಿಂತ ದೊಡ್ಡದು ಎಂಬುದು ಬೀಚರ್ ಕೊಟ್ಟ ಕಾರಣ. ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರ ಲೆಕ್ಕ ಇಲ್ಲ ಎನ್ನುವುದು ಅಲ್ಲಿಗೆ ಖಚಿತವಾಯಿತು.

ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆದಾಗಲೂ ಇದನ್ನೇ ಒತ್ತಿ ಹೇಳಿತು. ನೋವು ಒಂದು ಅನುಭವ. ನರದಲ್ಲಿ ಓಡುವ ಸಿಗ್ನಲ್ ಬೇರೆ, ನೋವು ಬೇರೆ. ನೋಯುತ್ತಿದೆ ಎಂದು ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು.

ನರದ ನೋವಿನ ವಿಷಯದಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ: ನರಕ್ಕೆ ಆದ ಹಾನಿ, ನರದಲ್ಲಿ ಓಡುವ ಸಿಗ್ನಲ್, ಮನುಷ್ಯ ಪಡುವ ನೋವು. ಹೊಸ ಪರೀಕ್ಷೆಯ ಸುದ್ದಿ ಬಂದಾಗಲೆಲ್ಲ ಇದು ಮೂರರಲ್ಲಿ ಯಾವುದನ್ನು ಅಳೆಯುತ್ತದೆ ಎಂದು ಕೇಳಿಕೊಳ್ಳಿ.

ಹಾನಿಯನ್ನು ಎಣಿಸುವುದು

ಇದರಲ್ಲಿ ನಾವು ಚೆನ್ನಾಗಿಯೇ ಮುಂದೆ ಬಂದಿದ್ದೇವೆ. ಸಣ್ಣ ಎಳೆಗಳನ್ನು ಕರೆಂಟ್ ಪರೀಕ್ಷೆ ಹಿಡಿಯದಿದ್ದರೇನಂತೆ, ಕಣ್ಣಿಂದ ನೋಡಿ ಎಣಿಸಬಹುದು. ಪಾದದ ಗಂಟಿನ ಹೊರಬದಿಯಲ್ಲಿ ಎದ್ದು ಕಾಣುವ ಮೂಳೆಯಿಂದ 10 ಸೆಂಟಿಮೀಟರ್ ಮೇಲೆ ಜಾಗ ಮರಗಟ್ಟಿಸುತ್ತಾರೆ. 3 ಮಿಲಿಮೀಟರ್ ಅಗಲದ ಪುಟ್ಟ ಕೊಳವೆಯಂಥ ಬ್ಲೇಡ್ ಒತ್ತಿ ತಿರುಗಿಸಿ ಚೂರು ಚರ್ಮ ತೆಗೆಯುತ್ತಾರೆ. ಹೊಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಬ್ಯಾಂಡೇಜ್ ಸಾಕು. ತೊಡೆಯಿಂದಲೂ ಇನ್ನೊಂದು ಚೂರು ತೆಗೆಯುವುದುಂಟು. ಅನೇಕರಲ್ಲಿ ನರ ಕೆಡುವುದು ಪಾದದಿಂದ ಶುರುವಾಗಿ ಮೇಲೇರುವುದರಿಂದ ಎರಡನ್ನೂ ಹೋಲಿಸಬಹುದು.

ಲ್ಯಾಬ್‌ನಲ್ಲಿ ಆ ಚೂರನ್ನು ಮಿಲಿಮೀಟರಿನ ಇಪ್ಪತ್ತನೇ ಒಂದರಷ್ಟು ತೆಳ್ಳಗೆ ಹೆಚ್ಚುತ್ತಾರೆ. ನರದ ಎಳೆಗಳಲ್ಲಿ ಹೇರಳವಾಗಿರುವ ಒಂದು ಪ್ರೋಟೀನಿಗೆ ಅಂಟಿಕೊಳ್ಳುವಂಥ ಬಣ್ಣ ಹಚ್ಚುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚರ್ಮದ ಒಳಪದರದಿಂದ ಹೊರಪದರಕ್ಕೆ ಸಣ್ಣ ಸಣ್ಣ ಎಳೆಗಳು ನುಗ್ಗಿ ಬಂದಿರುವುದು ಕಾಣುತ್ತದೆ. ಗಡಿ ದಾಟಿದ ಎಳೆಗಳನ್ನು ಮಾತ್ರ ಎಣಿಸುವುದು ನಿಯಮ. ಒಂದು ಮಿಲಿಮೀಟರ್ ಉದ್ದಕ್ಕೆ ಎಷ್ಟು ಎಂದು ಲೆಕ್ಕ ಹಾಕಿ, ಅದೇ ವಯಸ್ಸಿನ ಆರೋಗ್ಯವಂತ ಗಂಡಸರ ಅಥವಾ ಹೆಂಗಸರ ಪಟ್ಟಿಯ ಜೊತೆ ಹೋಲಿಸುತ್ತಾರೆ. ಕಡಿಮೆ ಇದ್ದರೆ ಸಣ್ಣ ಎಳೆಗಳು ಸತ್ತಿವೆ ಎಂದರ್ಥ. ರಿಪೋರ್ಟ್ ನಾರ್ಮಲ್ ಎಂದು ವಾಪಸ್ ಕಳಿಸಿಕೊಂಡ ಎಷ್ಟೋ ಜನರಿಗೆ ಈ ಪರೀಕ್ಷೆಯಿಂದ ಮೊದಲ ಸಲ ಉತ್ತರ ಸಿಕ್ಕಿದೆ.

ಕಣ್ಣಿನ ಮೂಲಕವೂ ನೋಡಬಹುದು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಲ್ಲಿ, ಅಂದರೆ ಕಾರ್ನಿಯಾದಲ್ಲಿ, ನರದ ಎಳೆಗಳು ಬಹಳ ದಟ್ಟವಾಗಿವೆ. ವಿಶೇಷ ಸೂಕ್ಷ್ಮದರ್ಶಕ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಅವುಗಳ ಫೋಟೋ ಸಿಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ನರ ಕೆಟ್ಟಾಗ ಅಲ್ಲಿಯೂ ಎಳೆಗಳು ಕಡಿಮೆಯಾಗುತ್ತವೆ. ಕತ್ತರಿಸುವುದೇನೂ ಇಲ್ಲ. ರಕ್ತದಲ್ಲೂ ಒಂದು ಗುರುತು ಇದೆ. ನರ ಒಡೆದಾಗ ಅದರ ಒಳಗಿನ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಆದರೆ ನರಕ್ಕೆ ಸಂಬಂಧಿಸಿದ ಹತ್ತಾರು ಕಾಯಿಲೆಗಳಲ್ಲಿ ಅದು ಏರುವುದರಿಂದ ನೋವಿನ ಲೆಕ್ಕಕ್ಕೆ ಸದ್ಯ ಅಷ್ಟೇನೂ ಉಪಯೋಗವಿಲ್ಲ.

ಇಷ್ಟೆಲ್ಲ ಎಣಿಸಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಸಕ್ಕರೆ ಕಾಯಿಲೆಯ ಇಬ್ಬರಲ್ಲಿ ಎಳೆಗಳು ಸತ್ತ ಪ್ರಮಾಣ ಒಂದೇ ಇರಬಹುದು. ಒಬ್ಬರಿಗೆ ಪಾದ ಸುಮ್ನೆ ಮರಗಟ್ಟಿರುತ್ತದೆ, ಇನ್ನೊಬ್ಬರು ರಾತ್ರಿಯಿಡೀ ಒದ್ದಾಡುತ್ತಾರೆ. ಚರ್ಮದ ಚೂರು ನೋಡಿ ಯಾರಿಗೆ ನೋವಿದೆ ಎಂದು ನೆಚ್ಚಿಕೊಂಡು ಹೇಳಲಾಗುವುದಿಲ್ಲ. ಹಾನಿ ಇದೆಯಾ ಎಂಬ ಪ್ರಶ್ನೆಗೆ ಅದು ಒಳ್ಳೆಯ ಉತ್ತರ. ಎಷ್ಟು ನೋವು ಎಂಬ ಪ್ರಶ್ನೆಗೆ ಉತ್ತರವೇ ಅಲ್ಲ.

ನರ ಮಾತಾಡುವುದನ್ನು ಕೇಳುವುದು

ಹಾಗಾದರೆ ಎರಡನೆಯದನ್ನು, ಸಿಗ್ನಲ್ಲನ್ನೇ, ನೇರವಾಗಿ ಕೇಳಬಹುದಲ್ವಾ? ಸ್ವೀಡನ್ನಿನ ಉಪ್ಸಾಲಾದಲ್ಲಿ ಕಾರ್ಲ್-ಎರಿಕ್ ಹಾಗ್‌ಬಾರ್ಥ್ ಮತ್ತು ಓಕೆ ವಾಲ್ಬೊ 1960ರ ದಶಕದಲ್ಲೇ ಇದನ್ನು ಸಾಧಿಸಿದರು. ಕೂದಲಿನಷ್ಟು ಸಣ್ಣ ಲೋಹದ ಸೂಜಿಯನ್ನು ಎಚ್ಚರವಾಗಿರುವ ಮನುಷ್ಯನ ನರದೊಳಗೆ ಇಳಿಸಿ ಒಂದೊಂದೇ ಎಳೆಯ ಸಿಗ್ನಲ್ ಹಿಡಿಯುವುದು. ಆರಂಭದಲ್ಲಿ ಪ್ರಯೋಗ ಮಾಡಿಕೊಂಡದ್ದು ತಮ್ಮ ಮೇಲೆಯೇ. ನೋವಿನ ಸಂಶೋಧಕರಿಗೆ ಈ ಹುಚ್ಚು ಮಾಮೂಲು ಎಂದು ಕಾಣುತ್ತದೆ.

ಈ ವಿಧಾನದಿಂದ ಸಿಕ್ಕ ಮುಖ್ಯ ಸಂಗತಿ ಇದು. ಆರೋಗ್ಯವಂತರಲ್ಲಿ ಸಿ ಎಳೆಗಳು ಏನಾದರೂ ತಾಗಿದರೆ ಮಾತ್ರ ಮಿಡಿಯುತ್ತವೆ, ಇಲ್ಲದಿದ್ದರೆ ಸುಮ್ಮನಿರುತ್ತವೆ. ನರದ ನೋವಿರುವವರಲ್ಲಿ ಕೆಲವು ಸಿ ಎಳೆಗಳು ಯಾರೂ ಮುಟ್ಟದಿದ್ದರೂ ತಮ್ಮಷ್ಟಕ್ಕೆ ಮಿಡಿಯುತ್ತಿರುತ್ತವೆ. ನರ ಕೆಟ್ಟಿದ್ದರೂ ನೋವಿಲ್ಲದವರಿಗೆ ಹೋಲಿಸಿದರೆ ನೋವಿರುವವರಲ್ಲಿ ಈ ತಾನೇ ತಾನಾದ ಮಿಡಿತ ಹೆಚ್ಚು. ಮಿದುಳು, ಬೆನ್ನುಹುರಿಯಿಂದ ಹೊರಗಿನ ನರಗಳಲ್ಲಿ ನೋವಿಗೆ ಇಷ್ಟು ಹತ್ತಿರ ಹೋದ ಪರೀಕ್ಷೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಆಸ್ಪತ್ರೆಯಲ್ಲಿ ದಿನನಿತ್ಯ ಮಾಡುವ ಕೆಲಸವಲ್ಲ ಇದು. ಗಂಟೆಗಟ್ಟಲೆ ಅಲುಗಾಡದೆ ಮಲಗಬೇಕು. ಸೂಜಿ ಕೂದಲೆಳೆಯಷ್ಟು ಜರುಗಿದರೂ ಎಳೆ ಕಳೆದುಹೋಗುತ್ತದೆ. ಇದನ್ನು ಮಾಡಬಲ್ಲ ಕೈಗಳು ಜಗತ್ತಿನಲ್ಲೇ ಕಡಿಮೆ.

ಗುಂಡಿ ಒತ್ತುವವರು ನೀವೇ

ಇನ್ನೊಂದು ದಾರಿ ಹೆಚ್ಚು ಬಳಕೆಯಲ್ಲಿದೆ. ಪಾದದ ಮೇಲೆ ಬೆಂಕಿಪೊಟ್ಟಣದಷ್ಟು ಅಗಲದ ಲೋಹದ ತಟ್ಟೆ ಕಟ್ಟುತ್ತಾರೆ. ಅದು ಚರ್ಮದ ಹದಕ್ಕೆ, 32 ಡಿಗ್ರಿಯಲ್ಲಿ, ಶುರುವಾಗುತ್ತದೆ. ಕೈಯಲ್ಲಿ ಒಂದು ಗುಂಡಿ. ತಟ್ಟೆ ನಿಧಾನಕ್ಕೆ ತಣ್ಣಗಾಗುತ್ತದೆ, ತಂಪು ಎನಿಸಿದ ಕೂಡಲೇ ಒತ್ತಬೇಕು. ಮತ್ತೆ ಬಿಸಿಯಾಗುತ್ತದೆ, ಬೆಚ್ಚಗೆ ಎನಿಸಿದ ಕೂಡಲೇ ಒತ್ತಬೇಕು. ಆಮೇಲೆ ಬಿಸಿ ಯಾವಾಗ ನೋವಾಗುತ್ತದೆ, ತಣ್ಣಗಾದದ್ದು ಯಾವಾಗ ನೋವಾಗುತ್ತದೆ ಎಂದು ನೋಡುತ್ತಾರೆ. ಸುಡದಿರಲಿ ಎಂದು ಯಂತ್ರ 50 ಡಿಗ್ರಿಗೆ ನಿಲ್ಲುತ್ತದೆ, ಕೆಳಗೆ ಸೊನ್ನೆಗೆ ನಿಲ್ಲುತ್ತದೆ. ಬೇರೆ ಬೇರೆ ದಪ್ಪದ ನವಿರಾದ ತಂತುಗಳಿಂದ ಮುಟ್ಟುತ್ತಾರೆ, ಮೊಂಡು ಸೂಜಿಯಿಂದ ಚುಚ್ಚುತ್ತಾರೆ, ಬ್ರಷ್‌ನಿಂದ ಸವರುತ್ತಾರೆ, ಕಂಪಿಸುವ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೂಳೆಯ ಮೇಲಿಡುತ್ತಾರೆ. ಜರ್ಮನಿಯ ಸಂಶೋಧಕರ ಜಾಲ 2006ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಇಂಥ 13 ಅಳತೆಗಳಿವೆ.

ಬರುವ ಚಿತ್ರ ಕುತೂಹಲದ್ದು. ಕೆಲವರಿಗೆ ಬೆಚ್ಚಗಿನದ್ದು ಗೊತ್ತೇ ಆಗುವುದಿಲ್ಲ. ಕೆಲವರಿಗೆ ತಟ್ಟೆ ತಣ್ಣಗಾಗುತ್ತಿದ್ದರೆ ಸುಡುತ್ತಿದೆ ಎನಿಸುತ್ತದೆ. ಬ್ರಷ್ ಸವರಿದರೆ ಕೆಲವರು ಕಾಲು ಎಳೆದುಕೊಳ್ಳುತ್ತಾರೆ. ಕಾಯಿಲೆಯ ಹೆಸರು ಒಂದೇ ಇದ್ದರೂ ಒಳಗೆ ನಡೆಯುತ್ತಿರುವುದು ಬೇರೆ ಬೇರೆ ಎನ್ನುವುದು ಹೀಗೆ ಬಯಲಾಗುತ್ತದೆ.

ತಕರಾರು ಮಾಡುವವರು ಒಂದು ಮಾತು ಹೇಳುತ್ತಾರೆ: ತಟ್ಟೆಯ ಡಿಗ್ರಿ ಯಂತ್ರದ್ದು, ಗುಂಡಿ ಒತ್ತುವುದು ಮನುಷ್ಯ. ನಿದ್ದೆಗಣ್ಣಿನಲ್ಲಿದ್ದರೆ, ಭಯಪಟ್ಟರೆ, ಬೇಕೆಂದೇ ತಡಮಾಡಿದರೆ ಅಂಕಿ ಬದಲಾಗುತ್ತದೆ. ನಿಜ. ಗುಂಡಿಯನ್ನೂ ಬಿಟ್ಟುಬಿಡಲು ಲೇಸರ್ ಬಳಸುತ್ತಾರೆ. ಕ್ಷಣಮಾತ್ರದ ಲೇಸರ್ ಬಿಸಿ ಸಣ್ಣ ಎಳೆಗಳನ್ನು ಮಾತ್ರ ಎಬ್ಬಿಸುತ್ತದೆ, ತಲೆಯ ಮೇಲಿನ ತಟ್ಟೆಗಳು ಮಿದುಳಿಗೆ ಸುದ್ದಿ ಮುಟ್ಟಿತಾ ಎಂದು ನೋಡುತ್ತವೆ. ಅಲ್ಲಿಯೂ ಸಿಗುವುದು ದಾರಿ ಸರಿಯಿದೆಯಾ ಎಂಬ ಉತ್ತರ ಮಾತ್ರ.

ಆದರೂ ಗುಂಡಿಯ ಪರೀಕ್ಷೆಯನ್ನು ನಾನು ಕಡೆಗಣಿಸುವುದಿಲ್ಲ. ಕಾರಣ ಡೆನ್ಮಾರ್ಕಿನಿಂದ 2014ರಲ್ಲಿ ಬಂದ ಒಂದು ಅಧ್ಯಯನ. ಆಕ್ಸ್‌ಕಾರ್ಬಜಪೀನ್ ಎಂಬ ಮಾತ್ರೆಯನ್ನು ನರದ ನೋವಿರುವವರಿಗೆ ಕೊಟ್ಟರು. ಕೊಡುವ ಮೊದಲೇ ಈ ಬಗೆಯ ಪರೀಕ್ಷೆ ಮಾಡಿ ಎರಡು ಗುಂಪು ಮಾಡಿಕೊಂಡಿದ್ದರು. ಸಣ್ಣ ಎಳೆಗಳು ಉಳಿದಿದ್ದು ಅತಿಯಾಗಿ ಕೆರಳಿದವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ಸುಮಾರು ನಾಲ್ವರಿಗೆ ಮಾತ್ರೆ ಕೊಟ್ಟರೆ ಅದರಿಂದಾಗಿ ಒಬ್ಬರ ನೋವು ಅರ್ಧಕ್ಕಿಳಿಯಿತು. ಎರಡನೇ ಗುಂಪಿನಲ್ಲಿ ಅಂಥ ಒಬ್ಬರಿಗಾಗಿ 13 ಜನರಿಗೆ ಕೊಡಬೇಕಾಯಿತು. ಮಾತ್ರೆ ಅದೇ, ಕಾಯಿಲೆಗಳೂ ಅವೇ. ಯಾರಿಗೆ ಯಾವುದು ಹಿಡಿಸುತ್ತದೆ ಎಂದು ನೋವಿನ ಪ್ರಮಾಣ ಹೇಳಲಿಲ್ಲ, ನೋವಿನ ಸ್ವಭಾವ ಹೇಳಿತು. ಇವತ್ತು ನರದ ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲಾಕ್ಸೆಟೀನ್, ಅಮಿಟ್ರಿಪ್ಟಿಲೀನ್ ಎಂದು ಒಂದಾದ ಮೇಲೊಂದು ಕೊಟ್ಟು ನೋಡುವುದೇ ರೂಢಿ. ತಿಂಗಳುಗಳು ಕಳೆಯುತ್ತವೆ. ಇದನ್ನು ತಪ್ಪಿಸುವ ಅಳತೆ ಸಿಕ್ಕರೆ ನೋವಿನ ಮೀಟರಿಗಿಂತ ಅದು ದೊಡ್ಡ ಉಪಕಾರ.

ಮಿದುಳಿನೊಳಗೆ ಇಣುಕಿದರೆ

ನೋವು ಕೊನೆಗೆ ಅನುಭವವಾಗುವುದು ಮಿದುಳಿನಲ್ಲಿ ತಾನೇ, ಅಲ್ಲೇ ನೋಡಿಬಿಡೋಣ ಎಂಬ ಯೋಚನೆ ಸಹಜ. 2013ರಲ್ಲಿ ಟಾರ್ ವೇಗರ್ ಮತ್ತು ಸಂಗಡಿಗರು 114 ಆರೋಗ್ಯವಂತರ ಮೇಲೆ ಇದನ್ನು ಮಾಡಿದರು. ಮಿದುಳು ಕೆಲಸ ಮಾಡುವುದನ್ನು ತೋರಿಸುವ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಕೈಗೆ ಬಿಸಿ ತಾಗಿಸಿ, ನೋವಾದಾಗ ಕಾಣುವ ಚಿತ್ರವನ್ನು ಕಂಪ್ಯೂಟರಿಗೆ ಕಲಿಸಿದರು. ನೋಯುವ ಬಿಸಿಗೂ ಬರೀ ಬೆಚ್ಚಗಿನದ್ದಕ್ಕೂ ಇರುವ ವ್ಯತ್ಯಾಸವನ್ನು ಅದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿತು. ನೋವು ತಗ್ಗಿಸುವ ಔಷಧ ಕೊಟ್ಟಾಗ ಆ ಚಿತ್ರವೂ ಮಂಕಾಯಿತು. ನೋವಿನ ಮೀಟರ್ ಸಿಕ್ಕೇಬಿಟ್ಟಿತು ಎಂದು ಹಲವರು ಅಂದುಕೊಂಡರು.

2016ರಲ್ಲಿ ಬಂದ ಒಂದು ಪುಟ್ಟ ಅಧ್ಯಯನ ಆ ಉತ್ಸಾಹಕ್ಕೆ ತಣ್ಣೀರೆರಚಿತು. ಹುಟ್ಟಿನಿಂದಲೇ ನೋವು ಎಂದರೇನು ಎಂದು ತಿಳಿಯದ ಕೆಲವರಿದ್ದಾರೆ, ಒಂದು ಜೀನಿನ ದೋಷದಿಂದ. ಅಂಥ ಇಬ್ಬರಿಗೆ ಸ್ಕ್ಯಾನರಿನೊಳಗೆ ನೋವಾಗುವಂಥ ಚುಚ್ಚು ಕೊಟ್ಟು ನೋಡಿದರು. ನೋವಿನ ಜಾಲ ಎಂದು ಹೆಸರಾದ ಮಿದುಳಿನ ಭಾಗಗಳು ಅವರಲ್ಲೂ ಉಳಿದವರಂತೆಯೇ ಬೆಳಗಿದವು. ನೋವೇ ಇಲ್ಲ, ಚಿತ್ರ ಮಾತ್ರ ಅದೇ. ಆ ಭಾಗಗಳು ನೋವಿಗಷ್ಟೇ ಮೀಸಲಲ್ಲ, ಗಮನ ಸೆಳೆಯುವ ಯಾವುದೇ ಜೋರಾದ ಸಂಗತಿಗೆ ಎಚ್ಚೆತ್ತುಕೊಳ್ಳುತ್ತವೆ ಎಂದು ಅರ್ಥೈಸುವವರಿಗೆ ಇದು ಬಲ ಕೊಟ್ಟಿತು. ಮರುವರ್ಷ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘದ ತಜ್ಞರ ತಂಡ ಸ್ಪಷ್ಟವಾಗಿ ಹೇಳಿತು: ಮಿದುಳಿನ ಸ್ಕ್ಯಾನ್ ಇಟ್ಟುಕೊಂಡು ಕೋರ್ಟಿನಲ್ಲಿ ಒಬ್ಬರ ದೀರ್ಘಕಾಲದ ನೋವು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಹಂತಕ್ಕೆ ನಾವು ಬಂದಿಲ್ಲ.

ಮುಖ್ಯವಾಗಿ, ಬಿಸಿ ತಾಗಿದ ಕ್ಷಣದ ನೋವು ಬೇರೆ, ವರ್ಷಗಟ್ಟಲೆ ಇರುವ ನರದ ನೋವು ಬೇರೆ. ಎರಡನೆಯದು ಸ್ಕ್ಯಾನರಿನಲ್ಲಿ ಅರ್ಧ ಗಂಟೆ ಮಲಗಿದಾಗ ಕೇಳಿದಂತೆ ಬಂದು ಹೋಗುವುದಿಲ್ಲ. ಇದನ್ನು ಅರಿತು ಮಾಡಿದ ಕೆಲಸ ಎಂದರೆ 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಪ್ರಸಾದ್ ಶಿರ್ವಾಲ್ಕರ್ ಮತ್ತು ತಂಡ ಪ್ರಕಟಿಸಿದ್ದು. ಇದ್ದವರು ನಾಲ್ವರೇ. ಮೂವರಿಗೆ ಪಾರ್ಶ್ವವಾಯುವಿನ ನಂತರ ಉಳಿದ ನೋವು, ಒಬ್ಬರಿಗೆ ಕತ್ತರಿಸಿ ತೆಗೆದ ಕಾಲಿನಲ್ಲಿ ನೋವು. ಯಾವ ಔಷಧಕ್ಕೂ ಬಗ್ಗದ ನೋವುಗಳು. ಅವರ ಮಿದುಳಿನ ಎರಡು ಭಾಗಗಳಲ್ಲಿ ಎಲೆಕ್ಟ್ರೋಡ್ ಇಟ್ಟರು. ನಂತರ ಅವರನ್ನು ಮನೆಗೆ ಕಳಿಸಿದರು. ದಿನಕ್ಕೆ ಹಲವು ಸಲ ಈಗ ನೋವು ಎಷ್ಟಿದೆ ಎಂದು ಅಂಕ ಕೊಟ್ಟು ರಿಮೋಟಿನ ಗುಂಡಿ ಒತ್ತುವುದು, ಆ ಹೊತ್ತಿನ ಮಿದುಳಿನ ಸಿಗ್ನಲ್ ದಾಖಲಾಗುವುದು. ಹೀಗೆ ಮೂರರಿಂದ ಆರು ತಿಂಗಳು.

ಕಂಪ್ಯೂಟರ್ ಎರಡನ್ನೂ ಹೊಂದಿಸಿ ನೋಡಿದಾಗ ಕಣ್ಣಿನ ಗುಳಿಯ ಮೇಲ್ಭಾಗದಲ್ಲಿರುವ ಮಿದುಳಿನ ಪದರದ ಸಿಗ್ನಲ್‌ನಿಂದ ನೋವು ಹೆಚ್ಚೋ ಕಡಿಮೆಯೋ ಎಂದು ಊಹಿಸಲು ಸಾಧ್ಯವಾಯಿತು. ಅದೇ ಜನರಿಗೆ ಪರೀಕ್ಷೆಗೆಂದು ಬಿಸಿ ತಾಗಿಸಿದಾಗ ಆ ಕ್ಷಣದ ನೋವು ಹೆಚ್ಚಾಗಿ ಇನ್ನೊಂದು ಭಾಗದಲ್ಲಿ ಕಾಣಿಸಿಕೊಂಡಿತು. ಹಳೆಯ ನೋವಿಗೂ ಹೊಸ ನೋವಿಗೂ ಮಿದುಳಿನಲ್ಲಿ ಠಿಕಾಣಿ ಬೇರೆ ಎಂಬ ಸೂಚನೆ ಇದು. ಆದರೆ ಒಬ್ಬರ ಮಾದರಿ ಇನ್ನೊಬ್ಬರಿಗೆ ಹಾಗೆಯೇ ಹೊಂದಲಿಲ್ಲ. ಪ್ರತಿಯೊಬ್ಬರದ್ದನ್ನೂ ಬೇರೆಯಾಗಿ ಕಲಿಯಬೇಕಾಯಿತು. ಕಲಿತದ್ದಾದರೂ ಯಾವುದರಿಂದ? ಆ ನಾಲ್ವರು ತಾವಾಗಿ ಕೊಟ್ಟ ಅಂಕಗಳಿಂದ. ನೋವನ್ನು ಅಳೆಯುವ ಅತ್ಯಾಧುನಿಕ ಯಂತ್ರಕ್ಕೂ ಪಾಠ ಹೇಳಿದ್ದು ಪೇಷೆಂಟಿನ ಮಾತೇ.

ಈ ಕೊಂಡಿಯಿಂದ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಯಾವುದೇ ನೋವಿನ ಯಂತ್ರ ಸರಿಯಾಗಿದೆಯಾ ಎಂದು ತಿಳಿಯಲು ಅದರ ಅಂಕಿಯನ್ನು ಮನುಷ್ಯ ಹೇಳಿದ್ದರ ಜೊತೆ ಹೋಲಿಸಲೇಬೇಕು. ಎರಡೂ ಹೊಂದದಿದ್ದರೆ ಯಂತ್ರ ತಪ್ಪು ಎನ್ನುತ್ತೇವೆಯೇ ಹೊರತು ನಿನಗೆ ನೋವಿಲ್ಲ ಎನ್ನಲು ಬರುವುದಿಲ್ಲ. ಮೀಟರ್ ತೋರಿಸಿ ಒಬ್ಬರ ನೋವನ್ನು ಸುಳ್ಳು ಮಾಡುವ ಆಸೆ ವಿಮೆಯವರಿಗೆ ಇರಬಹುದು, ವಿಜ್ಞಾನದಲ್ಲಿ ಅದಕ್ಕೆ ಜಾಗ ಕಾಣುತ್ತಿಲ್ಲ. ಮಾತೇ ಆಡಲಾಗದವರ ವಿಷಯ ಮಾತ್ರ ಬೇರೆ. ಎಳೆಗೂಸು, ಮರೆವಿನ ಕಾಯಿಲೆ ಮುಂದುವರಿದವರು, ಐಸಿಯುನಲ್ಲಿ ಪ್ರಜ್ಞೆಯಿಲ್ಲದವರು. ಅಲ್ಲಿ ಮುಖ, ಉಸಿರು, ನರಳಾಟ, ಕಣ್ಣಿನ ಪಾಪೆ ನೋಡಿ ಅಂದಾಜು ಮಾಡುತ್ತಾರೆ. ಈ ಗುರುತುಗಳು ಹಠಾತ್ ನೋವಿಗೆ ಪರವಾಗಿಲ್ಲ. ಸದಾ ಉರಿಯುವ ಅಂಗಾಲು ಮುಖದಲ್ಲಿ ಕಾಣುವುದಿಲ್ಲ. ಹೊಸ ಅಳತೆಗಳ ನಿಜವಾದ ಅಗತ್ಯ ಇಂಥವರಿಗೇ ಇದೆ, ಕೆಲಸ ಕಡಿಮೆ ನಡೆದಿರುವುದೂ ಇಲ್ಲೇ.

ಸದ್ಯಕ್ಕೆ ಏನು ಮಾಡಬಹುದು

ಸೊನ್ನೆಯಿಂದ ಹತ್ತರಲ್ಲಿ ಎಷ್ಟು ನೋವು ಎಂಬ ಪ್ರಶ್ನೆಯನ್ನು ಜನ ಹಗುರವಾಗಿ ಕಾಣುತ್ತಾರೆ. ನಿಮ್ಮ ಏಳು ನನ್ನ ಏಳಲ್ಲ, ನಿಜ. ಆದರೆ ನಿಮ್ಮ ಏಳಕ್ಕೂ ನಿಮ್ಮದೇ ಐದಕ್ಕೂ ಹೋಲಿಕೆ ನಡೆಯುತ್ತದೆ. 2001ರಲ್ಲಿ ಪ್ರಿಗ್ಯಾಬಲಿನ್ ಔಷಧದ 10 ಪ್ರಯೋಗಗಳಲ್ಲಿದ್ದ 2,700ಕ್ಕೂ ಹೆಚ್ಚು ಜನರ ಅಂಕಗಳನ್ನು ಒಟ್ಟು ಹಾಕಿ ನೋಡಿದರು. ಎಷ್ಟು ಇಳಿದರೆ ಜನ ತಾವಾಗಿ ಬಹಳ ಸುಧಾರಿಸಿದೆ ಎನ್ನುತ್ತಾರೆ? ಸುಮಾರು 2 ಅಂಕ, ಅಥವಾ ಮೊದಲಿದ್ದದ್ದರ ನೂರಕ್ಕೆ 30ರಷ್ಟು. ಔಷಧದ ಪ್ರಯೋಗಗಳಲ್ಲಿ ಈ ಲೆಕ್ಕ ಇಂದಿಗೂ ಚಲಾವಣೆಯಲ್ಲಿದೆ.

ನೋವಿನ ಬಗೆ ತಿಳಿಯಲು ಫ್ರಾನ್ಸಿನಲ್ಲಿ 2005ರಲ್ಲಿ ಮಾಡಿದ ಡಿಎನ್4 ಎಂಬ ಪಟ್ಟಿ ಇದೆ. ಯಂತ್ರ ಬೇಡ. ಉರಿ, ಕೊರೆಯುವ ತಣ್ಣನೆಯ ನೋವು, ಕರೆಂಟ್ ಹೊಡೆದಂತಾಗುವುದು, ಜುಮುಜುಮು, ಸೂಜಿ ಚುಚ್ಚಿದಂತೆ, ಮರಗಟ್ಟುವುದು, ತುರಿಕೆ. ಈ ಏಳನ್ನು ಕೇಳುತ್ತಾರೆ. ಮುಟ್ಟಿದ್ದು, ಚುಚ್ಚಿದ್ದು ಮಂಕಾಗಿ ತಿಳಿಯುತ್ತದಾ, ಬ್ರಷ್ ಸವರಿದರೆ ನೋವು ಬರುತ್ತದಾ ಅಥವಾ ಹೆಚ್ಚುತ್ತದಾ ಎಂದು ಮೂರನ್ನು ಪರೀಕ್ಷಿಸುತ್ತಾರೆ. ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬಂದರೆ ನರದ ನೋವಿನ ಸಂಶಯ ಬಲವಾಗುತ್ತದೆ. ನಂತರ ನೋವು ಹಬ್ಬಿರುವ ಜಾಗ ಒಂದು ನರದ ಹಾದಿಗೆ ಹೊಂದುತ್ತದಾ, ಅದೇ ಜಾಗದಲ್ಲಿ ಸ್ಪರ್ಶ ಬದಲಾಗಿದೆಯಾ, ಹಾನಿ ತೋರಿಸುವ ಪರೀಕ್ಷೆ ಏನಾದರೂ ಇದೆಯಾ ಎಂದು ನೋಡಿ ಇರಬಹುದು, ಬಹುಶಃ ಇದೆ, ಖಚಿತ ಎಂಬ ಮೂರು ಮೆಟ್ಟಿಲಲ್ಲಿ ತೀರ್ಮಾನಕ್ಕೆ ಬರುತ್ತಾರೆ.

ಹಾಗಾಗಿ ಕರೆಂಟ್ ಪರೀಕ್ಷೆ ನಾರ್ಮಲ್ ಬಂದು ಪಾದ ಉರಿಯುತ್ತಲೇ ಇದ್ದರೆ, ಸಣ್ಣ ಎಳೆಗಳನ್ನು ನೋಡಿದ್ದೀರಾ ಎಂದು ಡಾಕ್ಟರನ್ನು ಕೇಳಿ. ಉರಿ ಎಲ್ಲಿಂದ ಎಲ್ಲಿಯವರೆಗೆ ಎಂದು ಪಾದದ ಚಿತ್ರದ ಮೇಲೆ ಗೀಟು ಹಾಕಿಕೊಂಡು ಹೋಗಿ. ಹೊಸ ಮಾತ್ರೆ ಶುರುವಾದ ದಿನದಿಂದ ದಿನಾ ಒಂದೇ ಹೊತ್ತಿಗೆ ಅಂಕ ಬರೆದಿಡಿ. ಕೆಲವು ವಾರಗಳಲ್ಲಿ ಏಳಿದ್ದದ್ದು ಐದಕ್ಕೆ ಬಂದಿದ್ದರೆ, ನೋವು ಇನ್ನೂ ಇದೆ ಎಂದು ಬೇಸರಪಟ್ಟು ಮಾತ್ರೆ ಬಿಡುವ ಮೊದಲು ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ.